ಉಳಿಯಿಲ್ಲದೆ, ಅಚ್ಚಿಲ್ಲದೆ ಒಂದು ಶಿಲ್ಪ

ಶಿಲ್ಪ ಕಲಿಯಲು ಹೋದವರಿಗೆ ಆರಂಭದಲ್ಲೇ ಹೇಳಿಕೊಡುವ ಪಾಠವೊಂದಿದೆ. ತೆಗೆಯುತ್ತ ಹೋಗುವುದು ಒಂದು ದಾರಿ, ಸೇರಿಸುತ್ತ ಹೋಗುವುದು ಇನ್ನೊಂದು. ಕಲ್ಲು, ಮರ ಮೊದಲನೆಯದಕ್ಕೆ. ಮಣ್ಣು, ಗಾರೆ ಎರಡನೆಯದಕ್ಕೆ. ಅಚ್ಚಿಗೆ ಲೋಹ ಎರೆಯುವುದನ್ನು ಮೂರನೆಯದೆಂದು ಎಣಿಸಿದರೆ ಪಾಠ ಮುಗಿಯಿತು. ಈ ಮೂರನ್ನೂ ಕಣ್ಣಾರೆ ನೋಡಲು ನಮ್ಮ ಕಡೆಯವರು ದೂರ ಹೋಗಬೇಕಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿದರೆ ಸಾಕು.

ತೆಗೆಯುವ ದಾರಿ ವೇಣೂರಿನಲ್ಲಿದೆ. ಫಲ್ಗುಣಿಯ ದಂಡೆಯಲ್ಲಿ ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟ ಏಕಶಿಲೆ. ಅಲ್ಲಿ ಸೇರಿಸಿದ್ದು ಏನೂ ಇಲ್ಲ, ಎಲ್ಲವೂ ಕೆತ್ತಿ ಕಳೆದದ್ದು. ಅದೇ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈ ಕಾರ್ಕಳದಲ್ಲಿ ಕೆತ್ತಿದರು, ಪ್ರತಿಷ್ಠೆಯಾದದ್ದು 1982ರಲ್ಲಿ. ಅಂದರೆ ಇದು ನಮ್ಮ ಕಾಲದವರೆಗೂ ಜನ ನಡೆದಾಡಿದ ದಾರಿ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ಕಂಬಗಳನ್ನೆಲ್ಲ ಉಳಿಯೇ ಮಾಡಿದೆ, ಆದರೆ ಒಳಗೆ ನಿಂತಿರುವ ಚಂದ್ರನಾಥ ಸ್ವಾಮಿ ಪಂಚಲೋಹದ ಎರಕ. ಸೇರಿಸುವ ದಾರಿಯನ್ನು ನೋಡಬೇಕಾದರೆ ಬಂಟ್ವಾಳ ತಾಲೂಕಿನ ಪೊಳಲಿಗೆ ಹೋಗಬೇಕು. ರಾಜರಾಜೇಶ್ವರಿಯದು ಮಣ್ಣಿನ ಮೂರ್ತಿ. ಬ್ರಹ್ಮಕಲಶದ ಸಂದರ್ಭದಲ್ಲಿ ಅದಕ್ಕೆ ಎಂಟು ದ್ರವ್ಯಗಳ ಲೇಪ ಕೊಡುತ್ತಾರೆ; ಒಂದರ ಮೇಲೊಂದು ಪದರ ಕೂತು ಮೂರ್ತಿ ಉಳಿದುಕೊಂಡು ಬಂದಿದೆ.

ಇನ್ನೂ ಒಂದು ಜಾಗ ಇದೆ, ನನಗೆ ಎಲ್ಲಕ್ಕಿಂತ ಹತ್ತಿರದ್ದು. ಉಜಿರೆಯ ಪಕ್ಕ, ನಡ ಗ್ರಾಮದ ಸುರ್ಯ. ಸದಾಶಿವರುದ್ರ ದೇವಸ್ಥಾನದಲ್ಲಿ ಮಣ್ಣಿನ ಹರಕೆ ಒಪ್ಪಿಸುತ್ತಾರೆ. ಮಗು ಬೇಕೆಂದವರು ಮಣ್ಣಿನ ಮಗು, ಮನೆ ಕಟ್ಟಿದವರು ಮಣ್ಣಿನ ಮನೆ, ಕಾಲು ನೋವು ವಾಸಿಯಾದವರು ಮಣ್ಣಿನ ಕಾಲು. ದನ, ಕರು, ಕೈ, ಹೃದಯ, ಇತ್ತೀಚೆಗೆ ಕಾರು ಕೂಡ. ಪೂಜೆಯಾದ ಮೇಲೆ ಅವೆಲ್ಲ ಹರಕೆ ಬನ ಸೇರುತ್ತವೆ. ಮರಗಳ ಬುಡದಲ್ಲಿ ರಾಶಿರಾಶಿ ಬಿದ್ದು, ಮಳೆಗೆ ಪಾಚಿಗಟ್ಟಿ, ಅಡಿಯವು ಮತ್ತೆ ಮಣ್ಣಾಗುತ್ತಿರುತ್ತವೆ. ಅಂಗೈಯಲ್ಲಿ ಹಿಡಿಯುವ ಸಣ್ಣ ಆಕೃತಿ ಕೂಡ ಪೂರ್ತಿ ಗಂಭೀರವಾದ ಶಿಲ್ಪವಾಗಬಲ್ಲದು ಎಂದು ನಾನು ಕಲಿತದ್ದು ಅಲ್ಲಿ. ಮುಂದೆ ಹೇಳಲಿರುವ ಉಣ್ಣೆಯ ಕೆಲಸವನ್ನು ‘ಗೊಂಬೆ’ ಎಂದು ಬದಿಗೆ ಸರಿಸುವವರಿಗೆ ನಾನು ಸುರ್ಯದ ಬನವನ್ನು ನೆನಪಿಸುತ್ತೇನೆ.

ನೀಡಲ್ ಫೆಲ್ಟಿಂಗ್ ಎಂಬ ಈ ಕೆಲಸ ಆ ಮೂರು ದಾರಿಗಳಲ್ಲಿ ಯಾವುದಕ್ಕೂ ಸರಿಯಾಗಿ ಸೇರುವುದಿಲ್ಲ. ಮಣ್ಣಿನಲ್ಲಿ ಕೆಲಸ ಮಾಡುತ್ತಿದ್ದ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಅದು. ಇಲ್ಲಿ ಉಣ್ಣೆ ಸೇರಿಸುತ್ತೀರಿ, ನಿಜ. ಆದರೆ ಸೇರಿಸಿದಷ್ಟಕ್ಕೆ ಆಕಾರ ಬರುವುದಿಲ್ಲ. ಸೇರಿಸಿದ್ದನ್ನು ಸೂಜಿಯಿಂದ ಚುಚ್ಚಿ ಒಳಕ್ಕೆ ತಳ್ಳಿದಾಗ ಅದು ಕುಗ್ಗುತ್ತದೆ, ಕುಗ್ಗಿದಲ್ಲಿ ಗಟ್ಟಿಯಾಗುತ್ತದೆ. ಏನನ್ನೂ ಕೆತ್ತಿ ಬಿಸಾಡುವುದಿಲ್ಲ, ಆದರೂ ಮೇಲ್ಮೈ ಒಳಕ್ಕೆ ಹೋಗುತ್ತದೆ. ತೂಕ ಅಷ್ಟೇ ಇರುತ್ತದೆ, ಗಾತ್ರ ಇಳಿಯುತ್ತದೆ. ಆಕಾರ ಹುಟ್ಟುವುದು ಎಲ್ಲಿ ಎಷ್ಟು ಒತ್ತಾಗಿಸಿದ್ದೀರಿ ಎಂಬುದರಿಂದ.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಒಂದು ಎಳೆ ಉಣ್ಣೆಯನ್ನು ನೋಡಬೇಕು. ಉಣ್ಣೆ ಕೆರಾಟಿನ್ ಎಂಬ ಪ್ರೋಟೀನ್. ನಮ್ಮ ಉಗುರು, ಕೂದಲು ಆಗಿರುವುದೂ ಅದರಿಂದಲೇ. ಸೂಕ್ಷ್ಮದರ್ಶಕದ ಕೆಳಗೆ ಹಿಡಿದರೆ ಎಳೆಯ ಮೈಮೇಲೆ ಸಣ್ಣ ಸಣ್ಣ ಹುರುಪೆಗಳು ಕಾಣುತ್ತವೆ, ಹಂಚಿನ ಮಾಡಿನಲ್ಲಿ ಹಂಚು ಕೂತ ಹಾಗೆ, ಎಲ್ಲವೂ ಬುಡದಿಂದ ತುದಿಯ ಕಡೆಗೆ ಮುಖ ಮಾಡಿ. ಹಾಗಾಗಿ ಎಳೆ ಒಂದು ದಿಕ್ಕಿಗೆ ಸುಲಭವಾಗಿ ಜಾರುತ್ತದೆ, ಇನ್ನೊಂದು ದಿಕ್ಕಿಗೆ ತಡೆಯುತ್ತದೆ. ಜತೆಗೆ ಎಳೆ ನೆಟ್ಟಗಿರುವುದಿಲ್ಲ, ಅಲೆಯಲೆಯಾಗಿ ಸುರುಳಿಗೊಂಡಿರುತ್ತದೆ. ಇಂಥ ಸಾವಿರಾರು ಎಳೆಗಳನ್ನು ಬಿಸಿನೀರು, ಸಾಬೂನು ಹಾಕಿ ತಿಕ್ಕಿದರೆ ಒಂದರೊಳಗೊಂದು ಹೊಕ್ಕು ಹಿಂದಕ್ಕೆ ಬರಲಾರದೆ ಕಚ್ಚಿಕೊಳ್ಳುತ್ತವೆ. ಉಣ್ಣೆಯ ಸ್ವೆಟರನ್ನು ಬಿಸಿನೀರಲ್ಲಿ ಒಗೆದು ಮಗುವಿನ ಅಳತೆಗೆ ಇಳಿಸಿಕೊಂಡವರಿಗೆ ಇದರ ಅನುಭವ ಇದ್ದೇ ಇದೆ. ಕಾಶ್ಮೀರದ ನಮ್ದಾ ಹಾಸುಗಳು ಆಗುವುದೂ ಹೀಗೆಯೇ. ಮಗ್ಗವಿಲ್ಲ, ನೂಲಿಲ್ಲ, ಹಾಸಿ ಉಜ್ಜಿ ಮಾಡಿದ ಬಟ್ಟೆ ಅದು.

ಸೂಜಿಯ ದಾರಿ ಬೇರೆ. ಅದಕ್ಕೆ ನೀರು ಬೇಡ. ಫೆಲ್ಟಿಂಗ್ ಸೂಜಿ ಹೊಲಿಗೆ ಸೂಜಿಯಂತಲ್ಲ, ಅದಕ್ಕೆ ಕಣ್ಣಿಲ್ಲ. ಸುಮಾರು ಮೂರು ಇಂಚು ಉದ್ದ, ಹಿಂತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ. ಮುಂದಿನ ಭಾಗ ಉರುಟಲ್ಲ, ಮೂರು ಅಥವಾ ನಾಲ್ಕು ಅಂಚುಗಳಿರುತ್ತವೆ. ಆ ಅಂಚುಗಳ ಉದ್ದಕ್ಕೂ ಕಣ್ಣಿಗೆ ಕಷ್ಟದಲ್ಲಿ ಕಾಣುವ ಕಚ್ಚುಗಳು, ಎಲ್ಲವೂ ಮೊನೆಯ ಕಡೆಗೆ ಓರೆ. ಚುಚ್ಚುವಾಗ ಕಚ್ಚು ಮೇಲಿನ ಎಳೆಗಳನ್ನು ಹಿಡಿದು ಒಳಕ್ಕೆ ಎಳೆದೊಯ್ಯುತ್ತದೆ. ವಾಪಸು ತೆಗೆಯುವಾಗ ಓರೆ ಉಲ್ಟಾ ಆಗುವುದರಿಂದ ಎಳೆ ಒಳಗೇ ಉಳಿದು ಸೂಜಿ ಬರಿದಾಗಿ ಹೊರಬರುತ್ತದೆ. ಒಂದು ಚುಚ್ಚಿಗೆ ಕೆಲವೇ ಎಳೆ. ಕೆಲಸವೆಂದರೆ ಇಷ್ಟೇ, ಇದನ್ನೇ ಸಾವಿರಾರು ಸಲ ಮಾಡುವುದು.

ಸೂಜಿಯೇ ಎಳೆಗಳನ್ನು ಹೆಣೆಯುವುದರಿಂದ ಹುರುಪೆಯಿಲ್ಲದ ನಾರನ್ನೂ ಇದರಿಂದ ಹಿಡಿದು ಕೂರಿಸಬಹುದು. ನಮ್ಮ ತೆಂಗಿನ ನಾರೇ ಸಾಕ್ಷಿ. ನಾರನ್ನು ಹಾಸಿ ಸಾಲುಸಾಲು ಸೂಜಿಗಳ ಯಂತ್ರದಡಿ ಹಾಯಿಸಿ ಮಾಡಿದ ದಪ್ಪ ಹಾಳೆಗಳು ಹಾಸಿಗೆ ಉದ್ದಿಮೆಗೆ ಹೋಗುತ್ತವೆ. ರಸ್ತೆಯ ಅಡಿಗೆ ಹಾಸುವ ಬಟ್ಟೆ, ಕಾರಿನೊಳಗಿನ ಕಾರ್ಪೆಟ್, ಸೋಸು ಚೀಲ ಇವೆಲ್ಲವೂ ಅದೇ ಕುಲಕ್ಕೆ ಸೇರಿದವು. ಸೂಜಿಯ ಹಿಂತುದಿ ಬಾಗಿರುವುದೂ ಯಂತ್ರದ ಹಲಗೆಯಲ್ಲಿ ಕೂರಲಿ ಎಂದು. ಅಂದರೆ ಇದು ಕಲಾವಿದರಿಗಾಗಿ ಮಾಡಿದ ಉಪಕರಣವೇ ಅಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಕಾರ್ಖಾನೆಯಲ್ಲಿ ದುಡಿದುಕೊಂಡಿದ್ದ ಸೂಜಿ ಅದು. 1980ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡೇವಿಡ್ ಮತ್ತು ಎಲೀನರ್ ಸ್ಟ್ಯಾನ್‌ವುಡ್ ದಂಪತಿ ಯಂತ್ರದ ಸೂಜಿಯನ್ನು ಒಂಟಿಯಾಗಿ ಕೈಯಲ್ಲಿ ಹಿಡಿದು ಉಣ್ಣೆಗೆ ಚುಚ್ಚಿ ನೋಡಿದರು. ಅವರಿಂದ ಕಲಿತ ಆಯಲಾ ತಲ್ಪಾಯ್ ಪುಸ್ತಕ ಬರೆದು, ತರಗತಿ ನಡೆಸಿ ಹಬ್ಬಿಸಿದರು. ಶಿಲ್ಪದ ಇತಿಹಾಸದಲ್ಲಿ ನಲವತ್ತು ಚಿಲ್ಲರೆ ವರ್ಷ ಎಂದರೆ ಏನೂ ಅಲ್ಲ. ಕಲ್ಲಿನ ಉಳಿ ಹಿಡಿದವನ ಹಿಂದೆ ನೂರು ತಲೆಮಾರು ಇದೆ. ಈ ಸೂಜಿ ಹಿಡಿದವರ ಹಿಂದೆ ಅಬ್ಬಬ್ಬಾ ಎಂದರೆ ಎರಡು. ಹೀಗೇ ಮಾಡಬೇಕೆಂಬ ಶಾಸ್ತ್ರ ಇನ್ನೂ ಹುಟ್ಟಿಲ್ಲದ ಮಾಧ್ಯಮ ಒಂದು ಕೈಗೆ ಸಿಗುವುದು ಕಲಾವಿದರಿಗೆ ದೊಡ್ಡ ಭಾಗ್ಯ.

ನಾನು ಆರಿಸಿಕೊಂಡದ್ದು ಕಂಬಳದ ಕೋಣ. ಮೂಡುಬಿದಿರೆಯ ಕಡಲಕೆರೆ, ವೇಣೂರು, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿ, ಮೂರೂ ಕಡೆ ಕಂಬಳದ ಕರೆ ಇದೆ, ಕೋಣವನ್ನು ಹತ್ತಿರದಿಂದ ನೋಡಲು ಮಾದರಿಗೆ ಬರಗಾಲವಿಲ್ಲ. ಬಣ್ಣದ ತಲೆಬಿಸಿಯೂ ಇಲ್ಲ: ನಮ್ಮ ದಖನಿ ಕುರಿಯ ಕಪ್ಪು ಉಣ್ಣೆ ಹುಟ್ಟಿನಿಂದಲೇ ಕೋಣದ ಬಣ್ಣ. ಅಚ್ಚ ಕಪ್ಪಲ್ಲ ಅದು, ಬಿಸಿಲಿಗೆ ಹಿಡಿದರೆ ತುದಿಗಳಲ್ಲಿ ಕೆಂಚು ಕಾಣುತ್ತದೆ. ಎಣ್ಣೆ ಹಚ್ಚದ ಕೋಣದ ಮೈಯೂ ಹಾಗೆಯೇ.

ಕೆಲಸ ಹೀಗೆ ಸಾಗುತ್ತದೆ. ಮೊದಲು ಕಂಬಿಯಿಂದ ಬೆನ್ನು, ಕಾಲು, ಕೊಂಬಿನ ಹಂದರ. ಅದರ ಸುತ್ತ ಹಿಂಜಿದ ಉಣ್ಣೆಯನ್ನು ಆದಷ್ಟು ಬಿಗಿಯಾಗಿ ಸುತ್ತಬೇಕು. ಸಡಿಲ ಸುತ್ತಿದರೆ ಮುಂದೆ ಎಷ್ಟು ಚುಚ್ಚಿದರೂ ಒಳಗೆ ಪೊಳ್ಳು ಉಳಿಯುತ್ತದೆ. ಕೇರಳದ ಕಡುಶರ್ಕರ ಮೂರ್ತಿಗಳಲ್ಲಿಯೂ ಮರದ ಶೂಲಕ್ಕೆ ತೆಂಗಿನ ನಾರನ್ನು ನಾಡಿಗಳೆಂದು ಸುತ್ತಿ, ಆಮೇಲೆ ಮಣ್ಣಿನ ಪಾಕ ಮೆತ್ತುತ್ತಾರೆ. ತಿರುವನಂತಪುರದ ಅನಂತಪದ್ಮನಾಭನ ಮೂರ್ತಿ ಆ ಬಗೆಯದು. ಎಲುಬಿನ ಮೇಲೆ ನಾರು ಸುತ್ತಿ ದೇಹ ಕಟ್ಟುವುದು ಕರಾವಳಿಗೆ ಹೊಸತಲ್ಲ ಎಂದು ಗೊತ್ತಾದಾಗ ನನಗೆ ಧೈರ್ಯ ಬಂತು.

ಸುತ್ತಿದ ಮೇಲೆ ಚುಚ್ಚುವುದು. ಅಡಿಗೆ ದಪ್ಪ ಫೋಮ್ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮೊನೆ ಮೇಜಿಗೆ ತಾಗಿ ಮುರಿಯುತ್ತದೆ. ಸೂಜಿಗೆ ನಂಬರುಗಳಿವೆ, ನಂಬರು ಹೆಚ್ಚಾದಂತೆ ಸೂಜಿ ತೆಳು. ಆರಂಭಕ್ಕೆ 36, ಆಕಾರ ತಿದ್ದಲು 38, ಮೇಲ್ಮೈ ನಯಗೊಳಿಸಲು 40. ಹೋದ ಓರೆಯಲ್ಲೇ ಸೂಜಿಯನ್ನು ಹೊರಗೆಳೆಯಬೇಕು. ಒಳಗಿರುವಾಗ ಕೈ ತಿರುಗಿಸಿದಿರೋ, ಟಕ್ಕೆಂದು ಮುರಿಯಿತು. ಮುರಿದ ಚೂರು ಶಿಲ್ಪದೊಳಗೇ ಉಳಿದರೆ ಅಪಾಯ, ಬಲವಾದ ಅಯಸ್ಕಾಂತ ಹಿಡಿದು ಹುಡುಕಿ ತೆಗೆಯಬೇಕು. ಬೆರಳಿಗೆ ಚರ್ಮದ ಟೊಪ್ಪಿ ಹಾಕಿಕೊಳ್ಳುವುದು ಒಳ್ಳೆಯದು. ಕಚ್ಚುಗಳಿರುವುದರಿಂದ ಇದರ ಗಾಯ ಹೊಲಿಗೆ ಸೂಜಿಯದಕ್ಕಿಂತ ಹೆಚ್ಚು ನೋಯುತ್ತದೆ. ಸಣ್ಣ ಮಕ್ಕಳ ಕೈಗೆ ಇದನ್ನು ಕೊಡಲೇಬಾರದು.

ಕೋಣದ ಮುಖಕ್ಕೆ ಬರೋಣ, ಇದರ ಸ್ವಭಾವ ಗೊತ್ತಾಗುವುದು ಅಲ್ಲಿ. ಮಣ್ಣಿನಲ್ಲಾದರೆ ಕಣ್ಣಿನ ಗುಳಿಗೆ ಹೆಬ್ಬೆರಳು ಒತ್ತಿದರೆ ಆಯಿತು. ಒತ್ತಿದಲ್ಲಿಂದ ಸರಿದ ಮಣ್ಣು ಪಕ್ಕದಲ್ಲಿ ಉಬ್ಬುತ್ತದೆ, ಅದನ್ನು ಮತ್ತೆ ಸವರಬೇಕು. ಉಣ್ಣೆಯಲ್ಲಿ ಪಕ್ಕಕ್ಕೆ ಏನೂ ಸರಿಯುವುದಿಲ್ಲ. ಒಂದೇ ಜಾಗದಲ್ಲಿ ಚುಚ್ಚುತ್ತ ಹೋದಂತೆ ಅಷ್ಟೇ ಜಾಗ ಮೆಲ್ಲಗೆ ತಗ್ಗುತ್ತದೆ, ಅದರ ಅಂಚು ತನ್ನಿಂದ ತಾನೇ ಹುಬ್ಬಿನ ಎಲುಬಾಗಿ ಎದ್ದು ನಿಲ್ಲುತ್ತದೆ. ಮೂಗಿನ ಹೊಳ್ಳೆಗೆ ಎಳೆಯಷ್ಟು ಉಣ್ಣೆಯನ್ನು ಸುರುಳಿ ಮಾಡಿ, ಇಟ್ಟು, ಒಳ ಅಂಚನ್ನು ಮಾತ್ರ ಚುಚ್ಚಬೇಕು. ಹೊರ ಅಂಚನ್ನು ಬಿಟ್ಟರೆ ಅದು ಮೃದುವಾಗಿ, ಉಸಿರಿಗೆ ಅಗಲಿದಂತೆ ನಿಲ್ಲುತ್ತದೆ. ಕಿವಿಯನ್ನು ಬೇರೆಯಾಗಿಯೇ ಫೋಮಿನ ಮೇಲೆ ಚಪ್ಪಟೆಯಾಗಿ ಮಾಡಿಕೊಂಡು, ಬುಡದ ಎಳೆಗಳನ್ನು ಚುಚ್ಚದೆ ಸಡಿಲ ಬಿಟ್ಟಿರಬೇಕು. ಆ ಸಡಿಲ ಎಳೆಗಳೇ ತಲೆಯೊಳಕ್ಕೆ ಇಳಿದು ಬೇರು ಹಿಡಿಯುವುದು. ಅಂಟು ಬೇಡ, ದಾರ ಬೇಡ. ಸರಿಯಾಗಿ ಕೂರಿಸಿದ ಕಿವಿಯನ್ನು ಹಿಡಿದು ಇಡೀ ಕೋಣವನ್ನು ಎತ್ತಬಹುದು.

ಕೋಣ ಸಾಕುವ ಹಿರಿಯರೊಬ್ಬರಿಗೆ ಇದನ್ನು ತೋರಿಸಿದೆ. ಮುಖ ನೋಡಿ ಅವರು ಏನೂ ಹೇಳಲಿಲ್ಲ. ಕೈಗೆ ತೆಗೆದುಕೊಂಡು, ಸಂತೆಯಲ್ಲಿ ಪರೀಕ್ಷೆ ಮಾಡುವವರಂತೆ ಭುಜದ ಮೇಲೆ ಹೆಬ್ಬೆರಳು ಒತ್ತಿದರು.

“ಇಲ್ಲಿ ಮೆತ್ತಗಾಯ್ತು ಮಾರಾಯ್ರೆ. ನೊಗ ಕೂತ್ಕೊಳ್ಳುವ ಜಾಗ ಇದು, ಕಲ್ಲಿನ ಹಾಗೆ ಇರ್ಬೇಕು. ಹೊಟ್ಟೆ ಬದಿ ಇಷ್ಟು ಬಿಗಿ ಬೇಡ, ಅಲ್ಲಿ ಸ್ವಲ್ಪ ಬಿಡಿ.”

“ಕಣ್ಣಿಗೆ ಸರಿ ಕಾಣ್ತದಲ್ಲ ಅಣ್ಣ?”

“ಕಾಣುದು ಸರಿ ಉಂಟು. ಮುಟ್ಟಿದ್ರೆ ಇದು ಓಡುವ ಕೋಣ ಅಲ್ಲ.”

ಈ ಮಾಧ್ಯಮದ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ಕಲ್ಲಿನ ಗೊಮ್ಮಟನ ಭುಜವೂ ಕಲ್ಲು, ಹೊಟ್ಟೆಯೂ ಕಲ್ಲು. ಎರಕದ ಮೂರ್ತಿಯ ಕೆನ್ನೆಗೂ ಮೊಣಕಾಲಿಗೂ ಮುಟ್ಟಿದರೆ ವ್ಯತ್ಯಾಸವಿಲ್ಲ. ಅಲ್ಲಿ ಶಿಲ್ಪಿ ಮೃದುತ್ವವನ್ನು ಕಣ್ಣಿಗೆ ಕಾಣಿಸಬಲ್ಲ, ಆ ಕೌಶಲ ಅಸಾಮಾನ್ಯವಾದದ್ದು, ಆದರೆ ಕೈಗೆ ಸಿಗುವುದು ಒಂದೇ ಗಟ್ಟಿತನ. ಉಣ್ಣೆಯಲ್ಲಿ ಮಾತ್ರ ಒಂದೇ ದೇಹದಲ್ಲಿ ಒಂದು ಕಡೆ ಮರದಷ್ಟು ಗಟ್ಟಿ, ಇನ್ನೊಂದು ಕಡೆ ಉಸಿರಾಡುವ ಹೊಟ್ಟೆಯಷ್ಟು ಮೆತ್ತಗೆ ಮಾಡಲು ಬರುತ್ತದೆ. ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬ ತೀರ್ಮಾನ ಪೂರ್ತಿ ಶಿಲ್ಪಿಯದು. ನೀಡಲ್ ಫೆಲ್ಟಿಂಗ್‌ಗೆ ಶಿಲ್ಪದ ಸಾಲಿನಲ್ಲಿ ಜಾಗ ಕೊಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ. ಅದು ನಾಯಿಮರಿಯ ರೋಮವನ್ನು ಯಥಾವತ್ತಾಗಿ ತೋರಿಸಬಲ್ಲದು ಎಂಬ ಕಾರಣಕ್ಕಲ್ಲ. ಜಗತ್ತಿನಲ್ಲಿ ಇಂದು ಈ ಕಲೆ ಹೆಚ್ಚಾಗಿ ಮುದ್ದು ಪ್ರಾಣಿಗಳ ಪ್ರತಿರೂಪದಲ್ಲಿ ನಿಂತುಬಿಟ್ಟಿದೆ. ಅವುಗಳಲ್ಲಿ ಎಷ್ಟೋ ಕೆಲಸಗಳ ಕೈಚಳಕ ಬೆರಗುಗೊಳಿಸುತ್ತದೆ. ಆದರೂ ರೋಮಕ್ಕೆ ರೋಮವನ್ನೇ ಇಡುವಾಗ ಮಾಧ್ಯಮ ಸುಲಭದ ಕೆಲಸ ಮಾಡುತ್ತಿರುತ್ತದೆ. ಎಲುಬನ್ನು, ಕಲ್ಲನ್ನು, ನೀರನ್ನು ಉಣ್ಣೆಯಲ್ಲಿ ಮಾಡಲು ಹೊರಟಾಗ ಅದರ ಪರೀಕ್ಷೆ ಆರಂಭವಾಗುತ್ತದೆ.

ಅಂಥ ಪರೀಕ್ಷೆಗೆ ಇಳಿದವರು ಇದ್ದಾರೆ. ಶಿಲ್ಪಕಲೆಯನ್ನೇ ಓದಿದ ಕ್ಯಾಲಿಫೋರ್ನಿಯಾದ ಸ್ಟೆಫನಿ ಮೆಟ್ಜ್ ಉಣ್ಣೆ ಮತ್ತು ಸೂಜಿಯನ್ನೇ ತಮ್ಮ ಮುಖ್ಯ ಸಾಧನ ಮಾಡಿಕೊಂಡರು. ಮಕ್ಕಳ ಟೆಡ್ಡಿ ಕರಡಿಗೆ ಅಸ್ಥಿಪಂಜರ ಇದ್ದಿದ್ದರೆ ಅದರ ತಲೆಬುರುಡೆ ಹೇಗಿರುತ್ತಿತ್ತು ಎಂದು ಉಣ್ಣೆಯಲ್ಲಿ ಮಾಡಿ ತೋರಿಸಿದರು. 2020ರಲ್ಲಿ ಸ್ಯಾಂಟಾ ಕ್ಲಾರಾದ ಮ್ಯೂಸಿಯಂ ಒಂದರಲ್ಲಿ ಅವರ ದೊಡ್ಡ ದೊಡ್ಡ ಉಣ್ಣೆಯ ಆಕೃತಿಗಳ ಪ್ರದರ್ಶನ ನಡೆಯಿತು. ಬಂದವರು ಅವನ್ನು ಮುಟ್ಟಿ ನೋಡಬೇಕು ಎಂಬುದೇ ಆ ಪ್ರದರ್ಶನದ ಉದ್ದೇಶ. ಫೆಲ್ಟ್ ಶಿಲ್ಪವೇ ಹೊಸತು ಎಂದೂ ಹೇಳುವಂತಿಲ್ಲ. ಸೈಬೀರಿಯಾದ ಆಲ್ಟಾಯ್ ಬೆಟ್ಟಗಳಲ್ಲಿ ಪಜಿರಿಕ್ ಎಂಬಲ್ಲಿ ಮಂಜುಗಡ್ಡೆಯೊಳಗೆ ಉಳಿದ ಸಮಾಧಿಗಳನ್ನು ರುಡೆಂಕೊ ಎಂಬ ಪುರಾತತ್ವಜ್ಞ 1940ರ ದಶಕದ ಕೊನೆಯಲ್ಲಿ ಅಗೆದಾಗ ಫೆಲ್ಟಿನಿಂದ ಹೊಲಿದ ಹಂಸಗಳು ಸಿಕ್ಕಿದವು, ಎರಡು ಸಾವಿರ ವರ್ಷಕ್ಕೂ ಹಿಂದಿನವು. ಅವು ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್‌ನಲ್ಲಿವೆ.

ನಮ್ಮವರಲ್ಲಿ ಹುಡುಕಿದರೆ ಇಬ್ಬರು ಕಣ್ಣಿಗೆ ಬೀಳುತ್ತಾರೆ. ಮೃಣಾಲಿನಿ ಮುಖರ್ಜಿ 1970ರ ದಶಕದಿಂದಲೇ ನಾರಿನ ಹುರಿಗೆ ಬಣ್ಣ ಕಟ್ಟಿ, ಗಂಟು ಹಾಕುತ್ತಲೇ ಆಳೆತ್ತರದ ಆಕೃತಿಗಳನ್ನು ಎಬ್ಬಿಸಿದರು. ಬಹಳ ಕಾಲ ಅದನ್ನು ಕರಕುಶಲವೆಂದು ಕಂಡವರು ಇದ್ದರು. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 2019ರಲ್ಲಿ, ನ್ಯೂಯಾರ್ಕಿನ ಮೆಟ್ ಬ್ರಾಯರ್ ಅವರ ಸಮಗ್ರ ಪ್ರದರ್ಶನ ಮಾಡಿತು. ಇನ್ನೊಬ್ಬರು ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜು ಎಲ್ಲ ಕಡೆ ಚಿತ್ರಕಲೆ ಕಲಿತವರು 1990ರ ದಶಕದಲ್ಲಿ ಕುಂಚ ಬಿಟ್ಟು ಸೆಗಣಿಗೆ ಕೈ ಹಾಕಿದರು. ಆಮೇಲೆ ನೂಲು, ಸೂಜಿ, ಕುಂಕುಮ, ಕೂದಲ ಹಗ್ಗ. ಅವರ ಒಂದು ಪ್ರಸಿದ್ಧ ಕೃತಿಯಲ್ಲಿ ಉದ್ದುದ್ದ ದಾರವನ್ನು ಸೂಜಿಗಳ ಕಣ್ಣಿನಲ್ಲಿ ಪೋಣಿಸಿ, ಕುಂಕುಮ ಬಳಿದು ಹಗ್ಗ ಮಾಡಿದ್ದಾರೆ; ಗೋಡೆಯಿಂದ ನೆಲಕ್ಕೆ ಹರಿಯುವ ಆ ಕೆಂಪು ಹಗ್ಗದ ತುದಿಯಲ್ಲಿ ಸೂಜಿಗಳು ಹಾಗೇ ಜೋತು ಬಿದ್ದಿರುತ್ತವೆ. ಅದು ಫೆಲ್ಟಿಂಗ್ ಅಲ್ಲ. ಆದರೆ ಮನೆಯ ಹೆಣ್ಣುಮಕ್ಕಳ ಕೈಯಲ್ಲಿರುವ ಸಾಮಗ್ರಿ ಶಿಲ್ಪಕ್ಕೆ ಸಾಲದು ಎಂಬ ಮಾತನ್ನು ಕರ್ನಾಟಕದಲ್ಲಿ ಅದು ಶಾಶ್ವತವಾಗಿ ಮುಗಿಸಿಬಿಟ್ಟಿತು. ನಾವು ಸೂಜಿ ಹಿಡಿದು ಕೂತಾಗ ನಾಚಿಕೆಪಡಬೇಕಾಗಿಲ್ಲದಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಉಣ್ಣೆ ಎಲ್ಲಿಂದ ತರುವುದು ಎಂಬ ಪ್ರಶ್ನೆ ಕರಾವಳಿಯಲ್ಲಿ ಮೊದಲು ಬರುತ್ತದೆ. ಇಲ್ಲಿ ಕುರಿಯಿಲ್ಲ. ಇಷ್ಟು ಮಳೆ ಬೀಳುವಲ್ಲಿ ಕುರಿ ಬದುಕುವುದೂ ಕಷ್ಟ. ಪೇಟೆಯಲ್ಲಿ ಹವ್ಯಾಸಿಗಳಿಗೆಂದು ಮಾರುವ ಬಣ್ಣಬಣ್ಣದ ಪೊಟ್ಟಣಗಳಲ್ಲಿ ಹೆಚ್ಚಿನವು ಆಮದಾದ ಮೆರಿನೋ, ಬೆಲೆ ಕೈ ಸುಡುತ್ತದೆ. ಘಟ್ಟ ಹತ್ತಿದರೆ ಪರಿಸ್ಥಿತಿ ತಲೆಕೆಳಗು. ಚಿತ್ರದುರ್ಗ, ಬಳ್ಳಾರಿ, ಹಾವೇರಿಯ ಬಯಲಿನಲ್ಲಿ ಕುರುಬರು ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸುತ್ತಾರೆ. ಚಳ್ಳಕೆರೆಯ ಕಂಬಳಿ, ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯ ಕಂಬಳಿ ನಾಡಿಗೆಲ್ಲ ಗೊತ್ತು. ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದ ಆ ಕಂಬಳಿಗಳಲ್ಲಿ ನೀರು ಸುಲಭಕ್ಕೆ ಇಳಿಯುವುದಿಲ್ಲ. ಮಲೆನಾಡಿನ ಗದ್ದೆಯಲ್ಲಿ ಕಂಬಳಿಕೊಪ್ಪೆ ಹೊದ್ದು ನಾಟಿ ಮಾಡಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಈಗ ಕಂಬಳಿ ಕೊಳ್ಳುವವರು ಕಡಿಮೆ, ಕುರಿ ಸಾಕುವುದು ಮಾಂಸಕ್ಕೆ. ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಹೊಲದಲ್ಲೇ ಎಸೆದು ಹೋಗುವ ಕುರಿಗಾಹಿಗಳಿದ್ದಾರೆ. ಒಂದು ಕಡೆ ಎಸೆಯುವ ಉಣ್ಣೆ, ಇನ್ನೊಂದು ಕಡೆ ಹಡಗಿನಲ್ಲಿ ಬರುವ ಉಣ್ಣೆ. ಇದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ದಖನಿ ಉಣ್ಣೆ ಒರಟು, ಚರ್ಮಕ್ಕೆ ಚುಚ್ಚುತ್ತದೆ, ಮೆರಿನೋದಷ್ಟು ನಯವಾಗಿ ಮುಗಿಯುವುದಿಲ್ಲ. ಬಟ್ಟೆಗೆ ಇದು ದೋಷ, ಶಿಲ್ಪಕ್ಕೆ ಗುಣ. ಒರಟು ಎಳೆ ಸೂಜಿಗೆ ಚೆನ್ನಾಗಿ ಸಿಗುತ್ತದೆ, ಬೇಗ ಗಟ್ಟಿಯಾಗುತ್ತದೆ, ಒಳಗಿನ ದೇಹಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಕಣ್ಣಿನ ರೆಪ್ಪೆ, ಮೂತಿಯಂಥ ನಾಜೂಕಿನ ಜಾಗಕ್ಕೆ ಮಾತ್ರ ತುಸು ನಯದ ಉಣ್ಣೆ ಮೇಲೆ ಹಾಸಿದರೆ ಸಾಕು. ಹಸಿ ಉಣ್ಣೆ ತಂದರೆ ತೊಳೆಯುವಾಗ ಎಚ್ಚರಿಕೆ ಬೇಕು. ಮೊದಲು ಕೈಯಲ್ಲಿ ಕೊಡವಿ ಮುಳ್ಳು, ಹಿಕ್ಕೆ, ಮಣ್ಣು ಉದುರಿಸಬೇಕು. ಅಂಟುವಾಳ ಕಾಯಿ ನೆನೆಸಿದ ಬಿಸಿನೀರಿನಲ್ಲಿ ಮುಳುಗಿಸಿ ಹಾಗೇ ಬಿಡಬೇಕು. ಕಲಕಬಾರದು, ಹಿಂಡಬಾರದು, ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಬಾರದು. ಹಾಗೆ ಮಾಡಿದರೆ ಬಕೆಟಿನಲ್ಲೇ ಫೆಲ್ಟ್ ಆಗಿ ಕೂತುಬಿಡುತ್ತದೆ. ನೆರಳಲ್ಲಿ ಒಣಗಿಸಿ, ಹಲ್ಲಿನ ಬ್ರಷ್ಷುಗಳಲ್ಲಿ ಹಿಂಜಿ, ಎಳೆಗಳೆಲ್ಲ ಬಿಡಿಯಾದ ಮೇಲೆ ಅದು ಕೆಲಸಕ್ಕೆ ಸಿದ್ಧ.

ಆದರೆ ನಮ್ಮ ಊರಿನ ಹವೆ ಉಣ್ಣೆಗೆ ಸಲ್ಲದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡೂ ಕೈಗೆ ಒಣಗಿದಂತೆಯೇ ಇರುತ್ತದೆ, ಮೋಸವಾಗುವುದು ಅಲ್ಲೇ. ಆಟಿಯ ಹೊತ್ತಿಗೆ ಗೂಡಿನಲ್ಲಿಟ್ಟ ಕೆಲಸಕ್ಕೆ ಬೂಸ್ಟು ಹಿಡಿದಿರುತ್ತದೆ. ಇನ್ನೊಂದು ಶತ್ರು ನುಸಿ. ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಕೆರಾಟಿನ್ ಅರಗಿಸಿಕೊಳ್ಳಬಲ್ಲ ಕೆಲವೇ ಜೀವಿಗಳಲ್ಲಿ ಅದೂ ಒಂದು. ಕತ್ತಲೆ, ಧೂಳು, ಅಲುಗಾಡದ ಜಾಗ ಅದಕ್ಕೆ ಇಷ್ಟ. ಹಾಗಾಗಿ ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲೇ ಎಲ್ಲ ಕೆಲಸಗಳನ್ನೂ ಬಿಸಿಲಿಗೆ ಹಿಡಿದು, ಬ್ರಷ್ಷಿನಲ್ಲಿ ಕೊಡವಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಚೀಲ ಹಾಕಿ ಮುಚ್ಚುವುದು ಒಳ್ಳೆಯದು. ಹುಳ ಬಿದ್ದ ಅನುಮಾನ ಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎರಡು ವಾರ ಡೀಪ್ ಫ್ರೀಜರಿನಲ್ಲಿಡಬೇಕು. ಮ್ಯೂಸಿಯಂಗಳಲ್ಲೂ ಹೀಗೇ ಮಾಡುತ್ತಾರೆ. ಪ್ರದರ್ಶನಕ್ಕಿಡುವುದಾದರೆ ಗಾಜಿನ ಪೆಟ್ಟಿಗೆ. ಗಾಜಿನ ಮಾತು ಬರೆಯುವಾಗ ನನಗೆ ಕಷ್ಟವಾಗುತ್ತದೆ, ಮುಟ್ಟಿ ನೋಡಬೇಕಾದ ಶಿಲ್ಪವನ್ನು ಮುಟ್ಟದಂತೆ ಮಾಡಬೇಕಲ್ಲ ಎಂದು. ಒಂದು ಕೆಲಸವನ್ನು ಪೆಟ್ಟಿಗೆಯೊಳಗೆ, ಅದರ ಜೋಡಿಯೊಂದನ್ನು ಮುಟ್ಟಲು ಹೊರಗೆ ಇಡುವುದು ಸದ್ಯಕ್ಕೆ ನಾನು ಕಂಡುಕೊಂಡ ದಾರಿ. ಕಣ್ಣು ಕಾಣದವರಿಗೆ ಆ ಎರಡನೆಯದೇ ಇಡೀ ಪ್ರದರ್ಶನ. ಕಂಬಳದ ಕೋಣದ ಭುಜ ಹೇಗಿರುತ್ತದೆ ಎಂದು ಕರೆಗೆ ಇಳಿಯದೆ ಅವರಿಗೆ ಗೊತ್ತಾಗಲು ಬೇರೆ ಯಾವ ಶಿಲ್ಪವಿದೆ?

ಮೂಡುಬಿದಿರೆಯಲ್ಲಿ ಚಿತ್ರ, ಶಿಲ್ಪ ಶಿಬಿರಗಳಿಗೆ ಜನ ಸೇರುವ ವಾಡಿಕೆ ಇದೆ. ಅಲ್ಲಿ ಕಲ್ಲಿನವರ, ಮರದವರ ಪಕ್ಕದಲ್ಲಿ ಚಳ್ಳಕೆರೆಯ ಉಣ್ಣೆಯ ಮೂಟೆ ಇಟ್ಟುಕೊಂಡು ನಾಲ್ವರು ಕೂರಬೇಕು ಎಂಬುದು ನನ್ನ ಆಸೆ. ಖರ್ಚು ಕಡಿಮೆ: ಸೂಜಿ, ಫೋಮ್, ಕಂಬಿ, ಉಣ್ಣೆ. ಧೂಳಿಲ್ಲ, ಗದ್ದಲವಿಲ್ಲ, ಕುಲುಮೆ ಬೇಡ, ಗೂಡು ಬೇಡ. ಬೇಕಾದದ್ದು ಹೊತ್ತು, ಅದೂ ಬೇಕಾದಷ್ಟು. ಅಂಗೈ ಗಾತ್ರದ ಕೋಣಕ್ಕೇ ದಿನಗಟ್ಟಲೆ ಕೂರಬೇಕು. ಆಳೆತ್ತರದ್ದು ಮಾಡಲು ಐದಾರು ಸೂಜಿಗಳನ್ನು ಒಟ್ಟಿಗೆ ಕೂರಿಸಿದ ಹಿಡಿ ಬೇಕು, ಮಣಿಕಟ್ಟಿಗೆ ವಿರಾಮ ಬೇಕು, ಒಬ್ಬರಿಗಿಂತ ಹೆಚ್ಚು ಜನ ಬೇಕು.

ಕಲಿಯಬೇಕೆಂದು ಕೇಳುವವರಿಗೆ ನಾನು ಕೋಣವನ್ನಾಗಲಿ ಹಕ್ಕಿಯನ್ನಾಗಲಿ ಮೊದಲು ಹೇಳಿಕೊಡುವುದಿಲ್ಲ. ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ ಮಾಡಲು ಹೇಳುತ್ತೇನೆ. ಕಣ್ಣಿಗೆ ಅದು ಸುತ್ತಲೂ ಒಂದೇ ತೆರನಾಗಿ ಉರುಟಾಗಿರಬೇಕು; ಆದರೆ ಒಂದು ಅರ್ಧ ಉಗುರು ಇಳಿಯದಷ್ಟು ಗಟ್ಟಿ, ಇನ್ನೊಂದು ಅರ್ಧ ಒತ್ತಿದರೆ ತಗ್ಗಿ ಮತ್ತೆ ಏಳುವಷ್ಟು ಮೆತ್ತಗೆ ಇರಬೇಕು. ಮೊದಲ ಉಂಡೆ ಹೆಚ್ಚಾಗಿ ಮೊಟ್ಟೆಯಾಕಾರಕ್ಕೆ ಬರುತ್ತದೆ, ಗಟ್ಟಿ ಬದಿ ಕುಗ್ಗಿ ಸಣ್ಣದಾಗಿರುತ್ತದೆ. ಕುಗ್ಗುವಿಕೆಯನ್ನು ಮುಂಚಿತವಾಗಿ ಲೆಕ್ಕ ಹಾಕಿ ಆ ಬದಿಗೆ ಹೆಚ್ಚು ಉಣ್ಣೆ ಹಾಕಿರಬೇಕು ಎಂದು ಅದನ್ನು ನೋಡಿದ ಮೇಲೆ ಕೈಗೆ ಗೊತ್ತಾಗುತ್ತದೆ. ಆಮೇಲೆ ಎರಡನೆಯ ಉಂಡೆ.